ಮೂರು ಗಂಟೆಗೆ ಸೊರಗುವ ಅಲೆ

ಭೌತವಿಜ್ಞಾನಿಯ ಬಾಳು ಗಂಭೀರವಾಗಿರುತ್ತದೆ ಅಂತ ನಂಬಿ ಈ ಕೆಲಸಕ್ಕೆ ಬಂದವನು ನಾನು. ಹನ್ನೊಂದು ವರ್ಷವಾಯಿತು, ಕೆಲಸ ಇನ್ನೂ ಗುತ್ತಿಗೆಯದ್ದೇ. ಅತ್ತುಬಿಡೋಣ ಅಂತ ಕೂತಾಗಲೆಲ್ಲ ಯಾರಾದರೂ ಬಂದು ನಗಿಸಿಬಿಡುತ್ತಾರೆ.

೧. ಬಸ್ಸಿನಲ್ಲಿ

ಮನೆ ಬಂಗಾರಪೇಟೆಯಲ್ಲಿ, ಪ್ರಯೋಗಾಲಯ ಮುಚ್ಚಿದ ಚಿನ್ನದ ಗಣಿಗಳ ಪಕ್ಕದ ಕೋರಮಂಡಲ್‌ನಲ್ಲಿ. ದಿನಾ ಅದೇ ಬಸ್ಸು, ಅದೇ ಕಂಡಕ್ಟರು. ಒಂದು ದಿನ ಕೇಳಿದ, "ಏನ್ ಕೆಲ್ಸ ಸಾರ್ ನಿಮ್ದು?"

"ಸೆಮಿಕಂಡಕ್ಟರ್."

ಟಿಕೆಟ್ ಕೊಡುತ್ತಿದ್ದವನು ಹಾಗೇ ನಿಂತ. "ಸೆಮಿ ಅಂದ್ರೆ ಅರ್ಧ ಅಲ್ವಾ? ಇನ್ನಾ ಪರ್ಮನೆಂಟ್ ಆಗಿಲ್ವಾ?"

ವಿವರಿಸಲು ಬಾಯಿ ತೆರೆದೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? "ಇಲ್ಲಪ್ಪ" ಅಂದೆ.

"ಆಗ್ತದೆ ಬಿಡಿ ಸಾರ್. ನಾನೂ ನಾಕು ವರ್ಸ ಅಂಗೇ ಇದ್ದೆ."

೨. ಕಾಣದ ಚಿನ್ನ

ನಮ್ಮ ಗೇಟು ಕಾಯುವ ತಾತ ಒಂದು ಕಾಲಕ್ಕೆ ಇಲ್ಲಿನ ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿಗಿಳಿದು ದುಡಿದವರು. ನಾವು ಚಿಪ್ ಮೇಲೆ ಚಿನ್ನದ ಲೇಪ ಕೂರಿಸುತ್ತೇವೆ ಅಂತ ಕೇಳಿ ಆಸೆಯಿಂದ ಒಳಗೆ ಬಂದರು. ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಎಲ್ಲಪ್ಪಾ ಚಿನ್ನ?"

"ಇದೆ ತಾತಾ. ಕಣ್ಣಿಗೆ ಕಾಣಲ್ಲ ಅಷ್ಟೆ."

ತಾತನ ಮುಖ ಇಳಿಯಿತು. "ಉಷಾರಪ್ಪಾ. ಮೈನ್ಸ್ ಮುಚ್ಚಾಕ್ ಮುಂಚೆ ನಮ್ ದೊಡ್ ಸಾಹೇಬ್ರೂ ಇಂಗೇ ಅಂತಿದ್ರು."

೩. ಮಹಾ ಶೋಧ

ನನ್ನ ಸಂಶೋಧನೆ ಟೆರಾಹರ್ಟ್ಸ್ ಅಲೆಗಳ ಮೇಲೆ. ಬಟ್ಟೆ, ಕಾಗದ ದಾಟಿ ಹೋಗುವ ಅಲೆ ಅದು. ನನ್ನ ಹೊಸ ಚಿಪ್ ಇಟ್ಟು ಅಳೆದರೆ ಅದು ದಿನಾ ಮಧ್ಯಾಹ್ನ ಮೂರಕ್ಕೆ ಸೊರಗಿ, ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಿತ್ತು. ಜಗತ್ತು ಕಾಣದ ಗುಣ! ಎರಡು ವರ್ಷ ಅಳೆದು ಪ್ರಬಂಧ ಬರೆದೆ. ಅಚ್ಚಾದರೆ ಕೆಲಸ ಕಾಯಂ ಅಂತ ನಿರ್ದೇಶಕರು ಮಾತು ಕೊಟ್ಟಿದ್ದರು.

ಪ್ರಬಂಧ ಪರಿಶೀಲಿಸಿದವರು ಒಂದೇ ಸಾಲು ಬರೆದರು: "ಕೋಣೆಯ ತೇವ ನೋಡಿದ್ದೀರಾ?"

ನೀರಾವಿ ಈ ಅಲೆಯನ್ನು ನುಂಗುತ್ತದೆ, ಅದು ನನಗೂ ಗೊತ್ತು. ಆದರೆ ಆವಿ ಎಲ್ಲಿಂದ ಬರಬೇಕು? ಮರುದಿನ ಮೂರಕ್ಕೆ ಯಂತ್ರದ ಹಿಂದಿನ ಪ್ಲೈವುಡ್ ಗೋಡೆಯಾಚೆ ಇಣುಕಿದೆ. ನಿವೃತ್ತಿಗೆ ಬಂದಿದ್ದ ನಮ್ಮ ಅಟೆಂಡರು ಪಾತ್ರೆಯಿಟ್ಟು ಟೀ ಕುದಿಸುತ್ತಿದ್ದರು. ಆವಿ ಸಂದಿಯಲ್ಲಿ ತೂರಿ ನೇರ ನನ್ನ ಯಂತ್ರದ ಮೇಲೆ! ಪ್ರಬಂಧ, ಕಾಯಂ ಕೆಲಸ ಎರಡೂ ಆ ಆವಿಯ ಜೊತೆಗೇ ಹೋದವು.

"ಎಷ್ಟು ದಿನದಿಂದ ಇಲ್ಲಿ ಕಾಯಿಸ್ತಿದ್ದೀರಿ?" ಕೇಳಿದೆ.

"ಎಲ್ಡ್ ವರ್ಸ ಆಯ್ತಲ್ಲ ಸಾರ್. ನೀವೇ ಅಲ್ವಾ, ಮೂರ್ ಗಂಟೆಗೆ ಟೀ ಬರ್ದೇ ಇದ್ರೆ ಒಳ್ಳೇ ಸೈನ್ಸ್ ಆಗಲ್ಲ ಅಂದಿದ್ದು?"