ಕಾಕಾನಿಗೆ ಕೂಸಿನ ಲಸಿಕೆ

ನಮ್ಮ ಕಾಕಾನನ್ನು ಕಂಡರೆ ಮನೆಯ ಮಿಕ್ಸಿ ಕೂಡ ನಡುಗುತ್ತದೆ! ಬಾಲಾನಗರದ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿ ನಿವೃತ್ತರಾದ ಮನುಷ್ಯ. ಯಾವುದನ್ನೂ ಬಿಚ್ಚಿ ನೋಡದೆ ನಂಬುವುದಿಲ್ಲ. ಬಿಚ್ಚಿದ್ದು ಮತ್ತೆ ಕೂಡುತ್ತದೆಯೇ? ಅದನ್ನು ಕೇಳಬಾರದು. ನಾರಾಯಣಗೂಡದ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಈಗಲೂ ಒರಳಿನಲ್ಲೇ ಚಟ್ನಿ ರುಬ್ಬುತ್ತಾರೆ.

ಇಂಥವರ ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಅದನ್ನು ಕೆರೆದು ತೆಗೆದ ಮೇಲೆ ರಾಯಚೂರು ಕಡೆಯ ಡಾಕ್ಟರಮ್ಮ ಹೇಳಿದರು: "ಮತ್ತ ಬರಬಾರದಂದ್ರ ಬಿಸಿಜಿ ಹಾಕಬೇಕ್ರಿ."

ನಾನು ಬೆಚ್ಚಿಬಿದ್ದೆ. ಬಿಸಿಜಿ? ಕ್ಷಯ ಬಾರದಿರಲೆಂದು ಹುಟ್ಟಿದ ಕೂಸಿನ ತೋಳಿಗೆ ಚುಚ್ಚುವ ಲಸಿಕೆ!

ಕಾಕಾ ಆಗಲೇ ಅಂಗಿಯ ತೋಳು ಮಡಚಿದ್ದರು.

"ತೋಳಿಗಲ್ರಿ. ನಳಿಗಿ ಹಾಕಿ ಸೀದಾ ಮೂತ್ರಕೋಶಕ್ಕ."

"ಎಲ್ಲಿಂದ?"

ಡಾಕ್ಟರಮ್ಮ ಹೇಳಿದರು. ಕಾಕಾ ಎದ್ದು ಬಾಗಿಲವರೆಗೆ ಹೋಗಿಬಿಟ್ಟರು! ಕಾಕು ಹಿಡಿದು ತಂದು ಕೂರಿಸಿದರು.

"ಲಸಿಕಿಯೊಳಗಿನ ಜೀವಾಣು ಕಂಡಕೂಡ್ಲೆ ನಿಮ್ಮ ಮೈಯೊಳಗಿನ ಕಾವಲು ಎಚ್ಚರಾಗತೈತ್ರಿ. ಕ್ಯಾನ್ಸರ್ ಮ್ಯಾಲೂ ಏರಿ ಹೋಗತೈತಿ. ಹೆಂಗ ಕೊಟ್ರ ಹೆಚ್ಚು ಉಪಯೋಗ ಅಂತ ನಮ್ಮಲ್ಲಿ ಸಂಶೋಧನೆನೂ ನಡದೈತಿ. ಸೇರ್ತೀರೇನು?"

"ಮೊದಲ ಇಲಿಗೆ ಹಾಕಿ ನೋಡೀರೇನು?"

"ಲ್ಯಾಬಿನ್ಯಾಗ ಅದೆಲ್ಲಾ ಹಿಂದಕ್ಕೇ ಆಗೇತ್ರಿ."

"ಆ ಇಲಿ ಈಗ ಹೆಂಗದಾವ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಾಕಾ ನನ್ನತ್ತ ತಿರುಗಿ, "ನೋಡು, ಸುಮ್ಮನಾದ್ರು!" ಎಂದರು. ಆದರೂ ಸೇರಿದರು.

ವಾರಕ್ಕೊಮ್ಮೆ ಲಸಿಕೆ ಒಳಗಿಳಿಸಿ, ಮೂತ್ರ ಬಿಗಿಹಿಡಿದು ಮಲಗಿ ಎನ್ನುತ್ತಿದ್ದರು. ಲಸಿಕೆ ಒಳಗೆಲ್ಲ ತಾಗಲೆಂದು ನರ್ಸ್ ಆಗಾಗ ಬಂದು ಮಗ್ಗುಲು ಬದಲಿಸಲು ಹೇಳುತ್ತಿದ್ದಳು. "ರೊಟ್ಟಿ ಬೇಯಸಾಕತ್ತೀರೇನು?" ಎಂಬ ಕಾಕಾನ ಗರ್ಜನೆಗೆ ವಾರ್ಡಿಗೆ ವಾರ್ಡೇ ನಕ್ಕಿತು. ಮನೆಗೆ ಬಂದರೆ ಇನ್ನೊಂದು ಆಘಾತ: ಮೂತ್ರದ ಜೊತೆ ಜೀವಾಣು ಹೊರಬೀಳುವುದರಿಂದ ಆ ದಿನವೆಲ್ಲ ಶೌಚಾಲಯಕ್ಕೆ ಬ್ಲೀಚ್ ಸುರಿಯಬೇಕಂತೆ! ಕಾಕಾ ನಾಚಿಕೊಂಡರೇ? ಎಲ್ಲಿಂದ! ಪಕ್ಕದ ಮನೆಯವರನ್ನು ಕರೆದು ಕರೆದು ಎಚ್ಚರಿಸಿದರು: "ದೂರ ನಿಲ್ರಿ, ನನ್ನೊಳಗ ಸಂಶೋಧನೆ ನಡದೈತಿ!"

ಕೊನೆಗೆ ಒಳಗೆ ಕ್ಯಾಮೆರಾ ಇಳಿಸಿ ನೋಡಿದರು. ಡಾಕ್ಟರಮ್ಮ ನಗುತ್ತ ಹೊರಬಂದು, "ಈಗ ಏನೂ ಇಲ್ರಿ, ಸ್ವಚ್ಛ ಐತಿ" ಎಂದರು. ಇನ್ನು ಪ್ರಶ್ನೆಗಳ ಸುರಿಮಳೆ ಎಂದು ನಾನು ಕಾದೆ. ಆದರೆ ಕಾಕಾ ಹಿಂದೆ ನಿಂತಿದ್ದ ಕಾಕುವಿನ ಕೈಹಿಡಿದು ಮೆಲ್ಲಗೆ ಮುಂದಕ್ಕೆ ಕರೆತಂದರು.

"ಡಾಕ್ಟರಮ್ಮಾ, ಇನ್ನೊಮ್ಮೆ ಹೇಳ್ರಿ. ಈಕಿ ಕಡೆ ನೋಡಿ ಹೇಳ್ರಿ. ಭಾಳ ಅಂಜ್ಯಾಳ."