ಪರಿಹಾರಪ್ಪನವರು ಬಿಚ್ಚಿದ ಕ್ಯಾಮೆರಾ

“ಸಂಜೆ ನಾಲ್ಕರೊಳಗೆ ಈ ಕ್ಯಾಮೆರಾ ಕ್ಲಿಕ್ ಅನ್ನದೆ ಹೋದ್ರೆ ನನ್ನ ಹೆಸರೇ ಬದಲಾಯಿಸ್ಕೊಳ್ತೀನಿ!” ಎಂದು ಪರಿಹಾರಪ್ಪನವರು ಊಟದ ಮೇಜಿನ ಮೇಲೆ ಅಂಗೈ ಬಡಿದು ಘೋಷಿಸಿದಾಗ ಗೋಡೆ ಗಡಿಯಾರದಲ್ಲಿ ಹನ್ನೊಂದು ಗಂಟೆ.

“ಯಾವ ಹೆಸರು? ನಿಮ್ಮಪ್ಪ ಇಟ್ಟಿದ್ದಾ, ಆಫೀಸಿನವರು ಇಟ್ಟಿದ್ದಾ?” ಎಂದು ಹೆಂಡತಿ ಬಟ್ಟೆ ಮಡಚುತ್ತಲೇ ಕೇಳಿದಳು.

ಪ್ರಶ್ನೆ ನ್ಯಾಯವಾದದ್ದೇ. ಅಪ್ಪ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲ. ನೀರಿನ ಪಂಪು ತಯಾರಿಸುವ ಕಂಪನಿಯಲ್ಲಿ ಕೂತು, ಪಂಪಿನ ಜೊತೆ ಕೊಡುವ ಕೈಪಿಡಿ ಬರೆಯುವುದು ಅವರ ಕೆಲಸ. ಅದರಲ್ಲೂ ಕೊನೆಯ ಪುಟದಲ್ಲಿ ಎಡಗಡೆ ‘ದೋಷ’, ಬಲಗಡೆ ‘ಪರಿಹಾರ’ ಎಂದು ಬರುವ ಕೋಷ್ಟಕವಂತೂ ಅವರದೇ ಸಾಮ್ರಾಜ್ಯ. ಹದಿನೆಂಟು ವರ್ಷ ಅದನ್ನೇ ಬರೆದು ಬರೆದು ಆಫೀಸಿನಲ್ಲಿ ಪರಿಹಾರಪ್ಪ ಆದರು. ಒಂದು ದಿನ ಹೆಸರು ಅವರ ಹಿಂದೆಯೇ ಮನೆಗೂ ಬಂತು. ಹಾಗಂತ ತಮ್ಮ ಕೈಯಾರೆ ಒಂದು ಪಂಪನ್ನಾದರೂ ಬಿಚ್ಚಿದವರಲ್ಲ. ಮನೆಯ ನಲ್ಲಿ ಸೋರಿದರೆ ವಾಷರ್ ಹಾಕುವುದು ಹೆಂಡತಿ. ಪಕ್ಕದಲ್ಲಿ ನಿಂತು ವಾಷರಿನ ತತ್ವ ವಿವರಿಸುವುದು ಇವರು.

ಆ ಕೋಷ್ಟಕದ ಮೊದಲ ಸಾಲಿನ ಮೇಲೆ ಅವರಿಗೆ ವಿಪರೀತ ಮೋಹ. ‘ಪಂಪು ನೀರೆತ್ತುತ್ತಿಲ್ಲವೇ? ಪಂಪಿನೊಳಗೆ ಮೊದಲು ನೀರು ತುಂಬಿದ್ದೀರಾ ನೋಡಿ. ಅದನ್ನು ನೋಡದೆ ಯಾವ ಭಾಗವನ್ನೂ ಬಿಚ್ಚಬೇಡಿ.’ ಇಷ್ಟು ಸ್ಪಷ್ಟವಾಗಿ ಬರೆದರೂ ಜನ ಓದುವುದಿಲ್ಲ ಎಂಬುದೇ ಅವರ ದುಃಖ, ಅದೇ ಅವರ ಮನರಂಜನೆ. “ಇವತ್ತೊಬ್ಬ ಮಹಾಶಯ ಇಡೀ ಪಂಪು ಬಿಚ್ಚಿ ಅಂಗಳದಲ್ಲಿ ಹರಡ್ಕೊಂಡು ಫೋನ್ ಮಾಡಿದ್ದ ಕಣೇ! ಒಂದು ಚೊಂಬು ನೀರು ಹಾಕಿರ್ಲಿಲ್ಲ!” ಎಂದು ರಾತ್ರಿ ಊಟಕ್ಕೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಆದರೆ ಇವತ್ತು ನಗುವ ದಿನವಾಗಿರಲಿಲ್ಲ. ಮೇಜಿನ ಮೇಲಿದ್ದದ್ದು ಅತ್ತೆಯವರ ಕ್ಯಾಮೆರಾ.

ಅತ್ತೆಯವರು ಮೂವತ್ತೈದು ವರ್ಷ ಫೋಟೊ ಸ್ಟುಡಿಯೊ ನಡೆಸಿದವರು. ಮಗಳ ಪ್ರತಿ ಹುಟ್ಟುಹಬ್ಬಕ್ಕೆ ಈ ಒಂದೇ ಕ್ಯಾಮೆರಾದಿಂದ ಒಂದು ಫೋಟೊ ತೆಗೆಯುತ್ತಿದ್ದರು. ಪಶ್ಚಿಮದ ಕಿಟಕಿ, ನಾಲ್ಕು ಗಂಟೆಯ ಬೆಳಕು, ಒಂದೇ ಕ್ಲಿಕ್. ಹಾಗೆ ಮೂವತ್ತೆಂಟು ಫೋಟೊಗಳು ನಡುಮನೆಯ ಗೋಡೆಯಲ್ಲಿ ಸಾಲಾಗಿ ನಿಂತಿದ್ದವು. ಆಮೇಲೆ ಎರಡು ಬರಿ ಮೊಳೆಗಳು. ಆ ಎರಡು ವರ್ಷ ಅತ್ತೆಯವರ ಕಣ್ಣಿಗೆ ಪೊರೆ ಬಂದು ಮಗಳ ಮುಖವೇ ಮಸುಕಾಗಿತ್ತು. ಮೊಬೈಲಿನಲ್ಲಿ ತೆಗೆದು ಹಾಕೋಣ ಎಂದರೆ, “ಅದು ಫೋಟೊ ಅಲ್ಲ, ಸಾಕ್ಷಿ” ಎಂದು ಕೈ ಅಲ್ಲಾಡಿಸಿಬಿಟ್ಟಿದ್ದರು. ಕ್ಯಾಮೆರಾವನ್ನು ಮಗಳ ಬೀರುವಿನಲ್ಲಿಟ್ಟು ಸುಮ್ಮನಾಗಿದ್ದರು.

ಈಗ ಎರಡೂ ಕಣ್ಣಿನ ಆಪರೇಷನ್ ಮುಗಿದಿತ್ತು. ನಿನ್ನೆ ಅವರಿಂದ ಮಗಳಿಗೆ ಫೋನ್ ಬಂದಿತ್ತು. “ನಾಳೆ ನಿನ್ನ ಹುಟ್ಟುಹಬ್ಬ, ನಾಳೆಯೇ ಡಾಕ್ಟರು ಹೊಸ ಕನ್ನಡಕ ಕೊಡ್ತಾರೆ. ಅಲ್ಲಿಂದ ನೇರ ನಿಮ್ಮನೆಗೇ. ನಾಲ್ಕಕ್ಕೆ ಕಿಟಕಿ ಹತ್ರ ನಿಂತಿರು. ಕ್ಯಾಮೆರಾ ಒರೆಸಿಟ್ಟಿರು, ಅಷ್ಟು ಸಾಕು.” ಫೋನಿಟ್ಟ ಮೇಲೆ ಹೆಂಡತಿ ಸದ್ದಿಲ್ಲದೆ ಒಂದು ಬಟ್ಟೆ ತಂದು ಆ ಎರಡು ಬರಿ ಮೊಳೆಗಳನ್ನೂ ಒರೆಸಿದ್ದನ್ನು ಪರಿಹಾರಪ್ಪನವರು ನೋಡಿದ್ದರು. ಅದಕ್ಕೇ ರಜೆ ಹಾಕಿದ್ದರು, ಅದಕ್ಕೇ ತಾವೇ ಒರೆಸಲು ಕೂತಿದ್ದರು.

ಒರೆಸಿ ಸುಮ್ಮನಿರಬಾರದೆ? ಪರೀಕ್ಷೆ ಮಾಡಿದರು. ಮೇಲಿನ ಸನ್ನೆಯನ್ನು, ಅಂದರೆ ಆ ಪುಟ್ಟ ಲಿವರನ್ನು, ಎಳೆದರೆ ಅದು ಸರ್‍ರನೆ ಬಂದು ಸರ್‍ರನೆ ಹೋಯಿತು. ಗುಂಡಿ ಒತ್ತಿದರೆ ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದರು. ಕಲ್ಲು! ಹಿಂಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದರು. ಒಳಗೆ ಏನೂ ಇರಲಿಲ್ಲ. “ಒಳಗೆಲ್ಲ ಲಕ್ಷಣವಾಗಿ ಕ್ಲೀನಾಗಿದೆ” ಎಂದು ಮೆಚ್ಚಿಕೊಂಡು ಮುಚ್ಚಿದರು.

“ಅದನ್ನ ಇನ್ನು ಮುಟ್ಟಬೇಡಿ. ರಿಪೇರಿಯವರ ಹತ್ರ ತಗೊಂಡು ಹೋಗೋಣ” ಎಂದಳು ಹೆಂಡತಿ. ಅವಳ ದನಿ ಸಣ್ಣಗಾಗಿತ್ತು.

“ಇವತ್ತು ಅವರ ವಾರದ ರಜೆ.”

“ಹಂಗಾದ್ರೆ ಅಮ್ಮನೇ ಬಂದು ನೋಡ್ಲಿ.”

“ಎರಡು ವರ್ಷ ಮಂಜು ನೋಡಿದ ಕಣ್ಣು ಕಣೇ! ಕನ್ನಡಕ ಹಾಕಿದ ಮೊದಲ ದಿನವೇ ಸತ್ತ ಕ್ಯಾಮೆರಾ ತೋರಿಸ್ತೀಯಾ?”

ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು. ವಾದ ಗೆದ್ದಿತು. ಒಂದೂವರೆಗೆ ಅಮ್ಮನನ್ನು ಕರೆತರಲು ಹೊರಟವಳು ಬಾಗಿಲಲ್ಲಿ ತಿರುಗಿ, “ಬಿಚ್ಚೋ ಹಾಗಿಲ್ಲ, ತಿಳೀತಾ?” ಎಂದಳು.

“ಬಿಚ್ಚೋದಾ? ನಾನಾ? ಬರೀ ತಪಾಸಣೆ!”

ಗೇಟು ಮುಚ್ಚಿದ ಸದ್ದು ಕೇಳಿದ್ದೇ ತಡ, ತಪಾಸಣೆಗೆ ಶಾಸ್ತ್ರೋಕ್ತವಾಗಿ ಕೋಷ್ಟಕ ಬರೆದರು. ಮೊದಲ ಸಾಲು ಖಾಲಿ ಬಿಟ್ಟರು. ಮೊದಲ ಸಾಲೇನಿದ್ದರೂ ಏನೂ ತಿಳಿಯದ ಗಿರಾಕಿಗಳಿಗೆ. ಪರಿಣತರು ಎರಡರಿಂದ ಶುರು ಮಾಡಬಹುದು. ಎರಡು: ಹಳೆಯ ಜಿಡ್ಡು ಗಟ್ಟಿಯಾಗಿದೆ. ಮೂರು: ತುಕ್ಕು. ನಾಲ್ಕು: ಸ್ಪ್ರಿಂಗ್ ದಣಿದಿದೆ. ಮೂರಕ್ಕೂ ಬಲಗಡೆ ಒಂದೇ ಪರಿಹಾರ ಬಂತು: ಬಿಚ್ಚಿ ನೋಡಿ.

ಕನ್ನಡಕದ ತಿರುಪು ಬಿಗಿಯುವ ಸಣ್ಣ ತಿರುಪುಳಿ ತಂದರು. ಬಿಳಿ ತಟ್ಟೆ ಇಟ್ಟುಕೊಂಡರು. ಮೊದಲ ತಿರುಪು ಬಂತು, ಎರಡನೆಯದು ಬಂತು, ಮೂರನೆಯದೂ ಬಂತು! ಸನ್ನೆಯ ಮೇಲಿನ ಬಿಲ್ಲೆ ತಿರುಗಿತು. “ಇಷ್ಟೇನಾ?” ಎಂದು ಗೋಡೆಯ ಮೂವತ್ತೆಂಟು ಫೋಟೊಗಳ ಕಡೆ ತಿರುಗಿ ಒಮ್ಮೆ ಮೀಸೆ ಸವರಿಕೊಂಡರು. ತೊಟ್ಟಿಲಿನಿಂದ ಮಗು ಎತ್ತುವ ಹಾಗೆ ಮೇಲ್ಮುಚ್ಚಳ ಎತ್ತಿದರು.

ಟಿಣ್!

ಏನೋ ಹಾರಿತು. ಎಲ್ಲಿಂದ ಎಂಬುದು ಕಾಣಲಿಲ್ಲ, ಎಲ್ಲಿಗೆ ಎಂಬುದೂ ಕಾಣಲಿಲ್ಲ. ಗುಂಡಿಯ ಕೆಳಗೆ ಒಂದು ಪುಟ್ಟ ಗುಳಿ ಮಾತ್ರ, ಹಲ್ಲು ಬಿದ್ದ ಬಾಯಿಯಂತೆ, ಅವರನ್ನೇ ನೋಡುತ್ತಿತ್ತು. ಗಡಿಯಾರ ಎರಡು ಹೊಡೆಯಿತು.

ಮುಂದಿನ ಒಂದು ಗಂಟೆ ಅವರು ಮನುಷ್ಯರಂತೆ ನಡೆಯಲಿಲ್ಲ. ನಾಲ್ಕು ಕಾಲಿನ ಮೇಲೆ ಓಡಾಡಿದರು. ಸೋಫಾ ಮಗುಚಿದರು. ಜಮಖಾನ ಕೊಡವಿದರು. ಕೆನ್ನೆ ನೆಲಕ್ಕೊತ್ತಿ ಫ್ರಿಜ್ಜಿನ ಕೆಳಗೆ ಇಣುಕಿದರೆ ಅಲ್ಲಿ ಏನೋ ಮಿನುಗಿತು! ಫ್ರಿಜ್ಜನ್ನು ತಬ್ಬಿ ವಾಲಿಸಿದರು. ಬಾಗಿಲು ತೆರೆದುಕೊಂಡು ಒಂದು ಪುಟ್ಟ ಕಪ್ಪು ಡಬ್ಬಿ ಟಪ್ ಎಂದು ಅವರ ಕಾಲ ಹೆಬ್ಬೆರಳಿನ ಮೇಲೆಯೇ ಬಿತ್ತು. ‘ಅಮ್ಮನದು, ಮುಟ್ಟಬಾರದು’ ಎಂದು ಹೆಂಡತಿಯ ಅಕ್ಷರದ ಚೀಟಿ ಅಂಟಿತ್ತು. “ಕಣ್ಣಿನ ಔಷಧಿಗೂ ಈಗಲೇ ಬೀಳಬೇಕಿತ್ತಾ!” ಎಂದು ಗೊಣಗಿ ಅದನ್ನು ಒಳಗೆ ತುರುಕಿ ಬಾಗಿಲು ಮುಚ್ಚಿದರು. ಕೆಳಗೆ ಮಿನುಗಿದ್ದು ಪೆನ್ನಿನ ಸ್ಪ್ರಿಂಗು. ಜೊತೆಗೆ ಎರಡು ಅಂಗಿ ಗುಂಡಿ, ಕಳೆದ ವರ್ಷ ‘ಯಾರೋ ಕದ್ದರು’ ಎಂದು ತೀರ್ಮಾನಿಸಿದ್ದ ಬೀರುವಿನ ಬೀಗದ ಕೈ. ಎಲ್ಲವನ್ನೂ ತಟ್ಟೆಗೆ ಹಾಕಿದರು.

ಆಗ ಹೊಳೆಯಿತು: ಅಯಸ್ಕಾಂತ! ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಚಿಟ್ಟೆಯನ್ನು ಕಿತ್ತುಕೊಂಡು ಮೇಜಿನ ಮೇಲೆಲ್ಲ ಆಡಿಸಿದರು. ಚಿಟ್ಟೆ ತಟ್ಟೆಯ ಮೇಲೆ ಹಾದದ್ದೇ, ಮೂರು ತಿರುಪೂ ಗುಳುಂ! ಬಿಡಿಸಲು ಹೋದರೆ ಒಂದು ತಿರುಪು ಜಾರಿ ಕ್ಯಾಮೆರಾದ ಹೊಟ್ಟೆಯೊಳಗೇ ಇಳಿಯಿತು. ಅಲ್ಲಾಡಿಸಿದರೆ ‘ಗಿಲಿಗಿಲಿ’ ಎನ್ನುತ್ತದೆ, ಹೊರಗೆ ಬರುವುದಿಲ್ಲ! ನಲವತ್ತು ವರ್ಷ ತುಟಿ ಪಿಟಕ್ಕೆನ್ನದ ಯಂತ್ರಕ್ಕೆ ಈಗ ಗಿಲಕಿಯ ಕಸುಬು ಬಂದಿತ್ತು.

ಮೂರು ಹತ್ತಕ್ಕೆ ಅಭಿಮಾನ ನುಂಗಿಕೊಂಡು ರಿಪೇರಿಯವರ ಮನೆಗೇ ಫೋನ್ ಮಾಡಿದರು.

“ಏನ್ ಸರ್ ತೊಂದರೆ?”

“ತೊಂದರೆ ಏನಿಲ್ಲ. ಸುಮ್ನೆ ಜ್ಞಾನಕ್ಕೆ ಅಂತ ಕೇಳ್ತಿದೀನಿ. ಒಂದು ಹಳೇ ಕ್ಯಾಮೆರಾದಲ್ಲಿ ಗುಂಡಿ ಇಳೀತಿಲ್ಲ ಅಂತಿಟ್ಕೊಳ್ಳಿ...” ಎಂದು ಕ್ಯಾಮೆರಾದ ಮೇಲೆ ಕೆತ್ತಿದ್ದ ಹೆಸರನ್ನು ಓದಿ ಹೇಳಿದರು.

“ಓ, ಆ ಮಾಡೆಲ್ಲಾ? ಅದರಲ್ಲಿ ಮೊದಲು ಒಂದು ನೋಡ್ಬೇಕು ಸರ್...”

“ಮೊದಲನೇದೆಲ್ಲ ಆಗಿದೆ! ಮುಂದಿನದು ಹೇಳಿ!”

“ನೋಡಿದ್ರಾ? ಖಂಡಿತಾ?”

“ಸ್ವಾಮಿ, ನಾನು ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿರೋನು!”

“ಹಂಗಾದ್ರೆ ಕಷ್ಟ ಸರ್. ದಯವಿಟ್ಟು ಬಿಚ್ಚಬೇಡಿ, ನಾಳೆ ತನ್ನಿ. ಅದರೊಳಗೊಂದು ಕೂದಲೆಳೆಯಂಥ ಸ್ಪ್ರಿಂಗ್ ಇದೆ, ಹಾರಿದ್ರೆ ದೇವರೇ ಗತಿ!”

ಪರಿಹಾರಪ್ಪನವರು ಫೋನಿಟ್ಟರು. ಇಟ್ಟ ಕೂಡಲೇ ಅದು ಬಡಿದುಕೊಂಡಿತು. ಹೆಂಡತಿ!

“ರೀ, ಅಮ್ಮ ಕನ್ನಡಕ ಹಾಕ್ಕೊಂಡು ಎದುರಿಗಿನ ಬೋರ್ಡೆಲ್ಲ ಜೋರಾಗಿ ಓದ್ತಿದಾಳೆ! ಆಸ್ಪತ್ರೆಯವರೆಲ್ಲ ನಗ್ತಿದಾರೆ! ಈಗ ಹೊರಟ್ವಿ. ಕ್ಯಾಮೆರಾ ಏನಾದ್ರೂ ಸರಿಹೋಯ್ತಾ?”

ಅವಳ ದನಿಯಲ್ಲಿದ್ದ ಆಸೆ ಕೇಳಿ ಅವರು ಮೇಜಿಗೆ ಬೆನ್ನು ಮಾಡಿ ನಿಂತರು. “ತುಂಬಾ... ಮುಂದುವರಿದಿದೆ” ಎಂದರು.

ಮೂರೂ ಐವತ್ತೈದಕ್ಕೆ ಗೇಟು ಕಿರ್ರೆಂದಾಗ ಅವರು ಮಗುಚಿದ ಸೋಫಾದ ಹಿಂದೆ ಮಂಡಿಯೂರಿದ್ದರು. ಪಶ್ಚಿಮದ ಕಿಟಕಿಯಿಂದ ಬೆಳಕು ನೆಟ್ಟಗೆ ಆ ಬರಿ ಮೊಳೆಗಳ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಕ್ಯಾಮೆರಾ ತಲೆ ತೆರೆದುಕೊಂಡು ಕೂತಿತ್ತು. ಬಾಗಿಲಲ್ಲಿ ನಿಂತ ಹೆಂಡತಿ ಅದನ್ನು ನೋಡಿದಳು. ಬೈಯಲಿಲ್ಲ. ಸುಮ್ಮನೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಪರಿಹಾರಪ್ಪನವರಿಗೆ ಅನಿಸಿತು. ನೆಲ ಬಾಯಿ ಬಿಡಬಾರದೆ ಎಂದೂ ಅನಿಸಿತು.

“ತಪ್ಪಾಯ್ತು ಅತ್ತೆ. ಒಂದು ಸ್ಪ್ರಿಂಗು ಹಾರಿಹೋಯ್ತು. ಇಡೀ ಮನೆ ಹುಡುಕಿದೆ, ಸಿಗ್ಲಿಲ್ಲ” ಎಂದರು. ಅಳು ಬರುವುದೊಂದು ಬಾಕಿ.

ಅತ್ತೆಯವರು ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಡಿಯ ಹತ್ತಿರ ನಿಂತರು.

“ಸ್ವಲ್ಪ ಬಗ್ಗಿ ಅಳಿಯಂದಿರೇ.”

ಬಗ್ಗಿದರು. ಅತ್ತೆಯವರು ಎರಡು ಬೆರಳಿನಲ್ಲಿ ಅಳಿಯನ ಗುಂಗುರು ಕೂದಲಿನಿಂದ ಏನನ್ನೋ ಹೆಕ್ಕಿ ಬೆಳಕಿಗೆ ಹಿಡಿದರು. ಸ್ಪ್ರಿಂಗು!

“ಆ ಡಾಕ್ಟರು ನಿಜಕ್ಕೂ ಚೆನ್ನಾಗಿ ಮಾಡಿದಾರೆ ಆಪರೇಷನ್ನು” ಎಂದರು ತೃಪ್ತಿಯಿಂದ. “ಸೋಫಾ ಎತ್ತಿ ನಿಲ್ಲಿಸಿ. ನೀನು ಮುಖ ತೊಳ್ಕೊಂಡು ಬಾ ಮಗಳೇ. ಬೆಳಕು ಇನ್ನರ್ಧ ಗಂಟೆ ಇರುತ್ತೆ.”

ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಒಂದು ತಟ್ಟು ತಟ್ಟಿದ್ದಕ್ಕೆ ಗಿಲಕಿಯ ತಿರುಪು ಅಂಗೈಗೆ ಬಿತ್ತು. ಸ್ಪ್ರಿಂಗು ಗುಳಿಯಲ್ಲಿ ಕೂತಿತು. ಮುಚ್ಚಳ ಇಳಿಯಿತು. ತಟ್ಟೆ ಹಿಡಿದು ನಿಂತ ಪರಿಹಾರಪ್ಪನವರು ಗಡಿಯಾರ ನೋಡುತ್ತಿದ್ದರು. ನಾಲ್ಕೂ ಹತ್ತು, ನಾಲ್ಕೂ ಹದಿನೈದು. ಕೊನೆಯ ತಿರುಪು ಬಿಗಿಯಾದಾಗ ನಾಲ್ಕೂ ಇಪ್ಪತ್ತು.

“ಅತ್ತೆ, ಜೋಡಿಸಿದ್ರೂ ಪ್ರಯೋಜನ ಇಲ್ಲ” ಎಂದರು ತಗ್ಗಿದ ದನಿಯಲ್ಲಿ. “ನಾನು ಬಿಚ್ಚೋಕೆ ಮುಂಚೆಯೇ ಗುಂಡಿ ಇಳೀತಿರ್ಲಿಲ್ಲ. ಜಿಡ್ಡು, ಇಲ್ಲಾಂದ್ರೆ ತುಕ್ಕು...”

ಅತ್ತೆಯವರು ಕೇಳಿಸಿಕೊಂಡಂತೆ ಕಾಣಲಿಲ್ಲ. “ಫ್ರಿಜ್ಜಿನಲ್ಲಿ ನನ್ನ ಕಪ್ಪು ಡಬ್ಬಿ ಇದೆ, ತಗೊಂಡು ಬಾ” ಎಂದು ಮಗಳಿಗೆ ಹೇಳಿದರು. ಡಬ್ಬಿ ಬಂತು. ಅದರೊಳಗಿಂದ ಒಂದು ಫಿಲ್ಮ್ ರೀಲು ಹೊರಬಂತು. ಹಿಂಬಾಗಿಲು ತೆರೆದು, ರೀಲು ಕೂರಿಸಿ, ಅದರ ತೂತುಗಳನ್ನು ಸಣ್ಣ ಹಲ್ಲುಚಕ್ರಕ್ಕೆ ಸಿಕ್ಕಿಸಿ, ಮುಚ್ಚಿ, ಸನ್ನೆ ಎಳೆದರು. ಈ ಸಲ ಅದು ಸರ್‍ರನೆ ಹೋಗಲಿಲ್ಲ. ಕರಕರನೆ ಬಿಗಿಯಾಗಿ ಬಂತು. ಗುಂಡಿ ಒತ್ತಿದರು.

ಕ್ಲಿಕ್!

ಪರಿಹಾರಪ್ಪನವರು ಬೆಪ್ಪಾಗಿ ನಿಂತರು. “ಏನು ಮಾಡಿದ್ರಿ ಅತ್ತೆ? ಹೆಂಗೆ ಸರಿಮಾಡಿದ್ರಿ?”

“ಸರಿಮಾಡೋಕೆ ಕೆಟ್ಟಿತ್ತೇ ಎಲ್ಲಿ? ಇದರ ಚಕ್ರ ತಿರುಗಿಸೋದೇ ರೀಲು. ಒಳಗೆ ರೀಲು ಇಲ್ಲದಿದ್ರೆ ಗುಂಡಿ ಇಳಿಯೋದೇ ಇಲ್ಲ. ಇದನ್ನ ಮಾಡಿದ್ದೇ ಹಂಗೆ.” ಆಮೇಲೆ ನಿಜವಾದ ಕುತೂಹಲದಿಂದ ಕೇಳಿದರು: “ಬಿಚ್ಚೋಕೆ ಮುಂಚೆ ನೀವು ರೀಲು ಇದೆಯಾ ಅಂತ ನೋಡ್ಲಿಲ್ವಾ?”

ಡಬ್ಬಿ ಕೊಟ್ಟು ಕಿಟಕಿಯ ಬಳಿ ನಿಂತಿದ್ದ ಹೆಂಡತಿ ನಿಧಾನವಾಗಿ ಮೇಜಿನ ಹತ್ತಿರ ಬಂದಳು. ಅಲ್ಲಿ ಬಿದ್ದಿದ್ದ ಕೋಷ್ಟಕವನ್ನು ಎತ್ತಿಕೊಂಡು ಓದಿದಳು. ಪೆನ್ನು ತೆಗೆದು, ಖಾಲಿ ಬಿಟ್ಟಿದ್ದ ಮೊದಲ ಸಾಲಿನಲ್ಲಿ ಗಂಡನ ಪ್ರಸಿದ್ಧ ವಾಕ್ಯವನ್ನು ಅಕ್ಷರ ಬಿಡದೆ ಬರೆಯತೊಡಗಿದಳು. ‘ಪಂಪಿನೊಳಗೆ ಮೊದಲು ನೀರು ತುಂಬಿದ್ದೀರಾ ನೋಡಿ...’ ಅಲ್ಲಿಂದ ಮುಂದೆ ಬರೆಯಲಾಗಲಿಲ್ಲ. ಮಧ್ಯಾಹ್ನದಿಂದ ಕಟ್ಟಿಹಿಡಿದದ್ದೆಲ್ಲ ಒಮ್ಮೆಲೇ ಒಡೆದು, ಅವಳು ಮತ್ತೆ ಕಿಟಕಿಗೆ ಹೋಗಿ ಅದರ ಸರಳು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದಳು.

“ಹಂಗೇ ಇರು!” ಎಂದರು ಅತ್ತೆಯವರು.

ಕ್ಲಿಕ್!

ಆ ಫೋಟೊ ಈಗ ಗೋಡೆಯ ಮೇಲಿದೆ. ಎರಡು ಮೊಳೆಗಳನ್ನು ಖಾಲಿ ಬಿಟ್ಟು, ಹೊಸದಾಗಿ ಮೂರನೆಯದೊಂದು ಹೊಡೆದು ಅದಕ್ಕೆ ಹಾಕಿದ್ದಾರೆ. ಅತ್ತೆಯವರ ಹಟ ಅದು. ಕಾಣದೆ ಕಳೆದ ವರ್ಷ ಕಾಣದೆಯೇ ಇರಲಿ ಎಂದರು. ಮೊದಲಿನ ಮೂವತ್ತೆಂಟರಲ್ಲೂ ಬೆನ್ನು ನೆಟ್ಟಗೆ ಮಾಡಿ ಬಿಗಿದುಕೊಂಡು ನಿಂತಿರುವ ಮಗಳು ಇದೊಂದರಲ್ಲಿ ಬಾಯ್ತುಂಬ ನಗುತ್ತಿದ್ದಾಳೆ. ನೋಡಿದವರೆಲ್ಲ ಇದೇ ಚೆಂದ ಎನ್ನುತ್ತಾರೆ. ಎಂದಮೇಲೆ ತಪ್ಪದೆ ಒಂದು ಪ್ರಶ್ನೆಯನ್ನೂ ಕೇಳುತ್ತಾರೆ: “ಹಿಂದೆ ಮೂಲೆಯಲ್ಲಿ ತಟ್ಟೆ ಹಿಡ್ಕೊಂಡು ಪೆಚ್ಚಾಗಿ ನಿಂತಿದೆಯಲ್ಲ, ಅದೇನದು?”

“ಅದಾ?” ಎನ್ನುತ್ತಾರೆ ಅತ್ತೆಯವರು, ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ ನೋಡುತ್ತಾ. “ಅದು, ಇಷ್ಟು ವರ್ಷದಲ್ಲಿ ನನ್ನ ಕ್ಯಾಮೆರಾಕ್ಕೆ ಬಂದ ಒಂದೇ ಒಂದು ದೋಷ.”