ಸಿಂಗಾನಲ್ಲೂರಿನ ರಿಕವರಿ ಗಾಡಿಗೆ ಎಫ್‌ಸಿ ಆದದ್ದು

ಹೊಗೆ ಅಳೆಯುವ ಮೆಷಿನ್ ಇಟ್ಟುಕೊಂಡು ಕೂತವರ ಹತ್ತಿರ ವಿಚಿತ್ರಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ, ನಾವು ಕರೆಯಬೇಕಾಗಿಲ್ಲ. ದಾವಣಗೆರೆಯಿಂದ ಮದುವೆಯಾಗಿ ಕೊಯಮತ್ತೂರಿಗೆ ಬಂದವಳು ನಾನು, ಸಿಂಗಾನಲ್ಲೂರಿನಲ್ಲಿ ಹೊಗೆ ತಪಾಸಣೆ ಕೇಂದ್ರ ನಡೆಸುತ್ತೇನೆ. ಗಾಡಿಯ ಸೈಲೆನ್ಸರ್ ಬಾಯಿಗೆ ಒಂದು ನಳಿಗೆ ತೂರಿಸುತ್ತೇನೆ, ಹೊಗೆ ಎಷ್ಟು ಕಪ್ಪು ಅಂತ ಮೆಷಿನ್ ಹೇಳುತ್ತದೆ, ಮಿತಿಯೊಳಗಿದ್ದರೆ ಸರ್ಟಿಫಿಕೇಟ್ ಕೊಡುತ್ತೇನೆ. ಆದರೆ ಗಾಡಿ ಯಾಕೆ ಹೊಗೆ ಬಿಡುತ್ತದೆ ಅನ್ನುವುದಕ್ಕಿಂತ ಗಾಡಿಯವರು ಯಾಕೆ ಹೀಗಿರುತ್ತಾರೆ ಅನ್ನುವುದೇ ನನಗೆ ದೊಡ್ಡ ಕುತೂಹಲ.

ಈಗ ಹೇಳುವುದೆಲ್ಲ ಒಬ್ಬರೇ ಮನುಷ್ಯರದ್ದು, ಒಂದೇ ವಾರದ್ದು. ಕೆಟ್ಟು ನಿಂತ ಗಾಡಿಗಳನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ರಿಕವರಿ ಗಾಡಿ ಅವರದ್ದು. ಇಲ್ಲಿನ ಹಳೇ ನೇಕಾರರ ಮನೆಯವರು, ಮನೆಮಾತು ಕನ್ನಡ, ಅದರಲ್ಲಿ ಅರ್ಧ ತಮಿಳು. ಇಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ವಾಡಿಕೆಯಂತೆ ನನ್ನನ್ನು ಅಮ್ಮಿಣಿ ಅನ್ನುತ್ತಾರೆ, ನಾನು ಅವರನ್ನು ಅಣ್ಣ ಅನ್ನುತ್ತೇನೆ. ಆ ಶುಕ್ರವಾರಕ್ಕೆ ಅವರ ಗಾಡಿಯ ಎಫ್‌ಸಿ, ಅಂದರೆ ರಸ್ತೆಗಿಳಿಯಲು ಯೋಗ್ಯ ಅನ್ನುವ ಪತ್ರ, ಮುಗಿಯುತ್ತಿತ್ತು. ಹೊಸದಕ್ಕೆ ಮೊದಲು ನನ್ನ ಸರ್ಟಿಫಿಕೇಟ್ ಬೇಕು. ಅದಾಗದಿದ್ದರೆ ಊರಿನ ಗಾಡಿಗಳನ್ನೆಲ್ಲ ಎಳೆದ ಗಾಡಿ ಶನಿವಾರದಿಂದ ಮನೆ ಮುಂದೆ ನಿಲ್ಲಬೇಕು. ಅಣ್ಣನಿಗೆ ಬೇರೆ ಕೆಲಸ ಬಾರದು.

ಸಾಂಬ್ರಾಣಿ

ಸೋಮವಾರ ಗಾಡಿಯನ್ನು ಶೆಡ್ಡಿನೊಳಗೆ ನಿಲ್ಲಿಸಿದರು. ನಾನು ಕಂಪ್ಯೂಟರ್ ಆನ್ ಮಾಡಲು ಒಳಗೆ ಹೋಗಿ ಬರುವಷ್ಟರಲ್ಲಿ ನನ್ನ ಶೆಡ್ಡೇ ಕಾಣಿಸುತ್ತಿಲ್ಲ. ಪರೀಕ್ಷೆ ಅಂದಮೇಲೆ ಪೂಜೆ ಆಗಬೇಡವೇ ಅಂತ ಅಣ್ಣ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಗಾಡಿಗೆ ಮೂರು ಸುತ್ತು ಬರುತ್ತಿದ್ದರು. ಹೊಗೆಯ ನಡುವಿನಿಂದ ಕೆಮ್ಮು ಮಾತ್ರ ಕೇಳಿಸುತ್ತಿತ್ತು.

ಮೆಷಿನ್ನಿಗೂ ಒಂದು ಶಾಸ್ತ್ರವಿದೆ. ಮೊದಲು ಸುತ್ತಲಿನ ಚೊಕ್ಕ ಗಾಳಿಯನ್ನು ಎಳೆದುಕೊಂಡು ಸೊನ್ನೆಗೆ ಬಂದು ನಿಲ್ಲಬೇಕು, ಆಮೇಲೇ ಗಾಡಿಯ ಹೊಗೆ. ಅವತ್ತು ಏನು ಮಾಡಿದರೂ ಸೊನ್ನೆಗೆ ಬರಲೊಲ್ಲದು. ಎರಡು ಫ್ಯಾನ್ ಹಾಕಿದೆ, ಗೋಣಿಚೀಲ ಬೀಸಿದೆ. ಅಣ್ಣ ಮಾತ್ರ ಭಕ್ತಿಯಿಂದ ಕೈಕಟ್ಟಿ ನಿಂತು, ಪಾಸಾಯಿತಾ ಅಂತ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ನನಗೆ ರೇಗಿಹೋಯಿತು.

"ಎಂಜಿನ್ ಇನ್ನೂ ಸ್ಟಾರ್ಟೇ ಮಾಡಿಲ್ಲ ಅಣ್ಣ. ಈಗ ಫೇಲಾಗಿರೋದು ನನ್ನ ಶೆಡ್ಡು."

ಬಲಗಾಲು

ಬುಧವಾರ ಪೂಜೆಯನ್ನು ಮನೆಯಲ್ಲೇ ಮುಗಿಸಿಕೊಂಡು ಬಂದರು. ಡೀಸೆಲ್ ಗಾಡಿಯ ಪರೀಕ್ಷೆಯಲ್ಲಿ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಒಂದೇ ಏಟಿಗೆ ಪೂರ್ತಿ ತುಳಿಯಬೇಕು, ನಿಯಮವೇ ಹಾಗೆ. ತುಳಿಯಿರಿ ಅಣ್ಣ ಅಂದೆ. ಮಲಗಿದ ಮಗುವಿನ ಪಕ್ಕ ಕಾಲಿಟ್ಟ ಹಾಗೆ ಇಷ್ಟಿಷ್ಟೇ ಒತ್ತಿದರು. ಮೆಷಿನ್ ಒಪ್ಪಲಿಲ್ಲ. ಜೋರಾಗಿ ತುಳಿಯಿರಿ ಅಂದೆ. ಮತ್ತೆ ಅಷ್ಟೇ. ಇಳಿದು ಬಂದು ನಾಚಿಕೊಂಡು ನಿಂತರು.

"ಹಿಂದೆ ಗಾಡಿ ತೂಗ್ತಾ ಇರೋ ಹಂಗೇ ಇರ್ತದೆ ಅಮ್ಮಿಣಿ. ಕಾಲು ಮಾತು ಕೇಳದು."

ನನಗೆ ತಮಾಷೆಗಿಂತ ಆಶ್ಚರ್ಯವೇ ಹೆಚ್ಚಾಯಿತು. ಇಷ್ಟು ವರ್ಷ ಬೇರೆಯವರ ಗಾಡಿ ಜಗ್ಗಬಾರದು, ಕೊಕ್ಕೆ ಕಳಚಬಾರದು ಅಂತ ನಯವಾಗಿ ಓಡಿಸಿ ಓಡಿಸಿ ಆ ಕಾಲಿಗೆ ಜೋರು ಅನ್ನುವುದೇ ಮರೆತುಹೋಗಿದೆ. ಹಿಂದೆ ಏನೂ ಇಲ್ಲ, ಬೇಕಾದರೆ ನೋಡಿಕೊಂಡು ಬನ್ನಿ ಅಂದೆ. ನಿಜವಾಗಿಯೂ ಹೋಗಿ ನೋಡಿಕೊಂಡು ಬಂದರು. ಆದರೂ ಕಾಲು ಇಳಿಯಲಿಲ್ಲ. ಕೊನೆಗೆ ನಾನೇ ಸೀರೆ ಎತ್ತಿ ಕಟ್ಟಿ ಹತ್ತಿ ಕೂತು ತುಳಿದೆ. ಆ ಎಂಜಿನ್ ಹುಟ್ಟಿದಾಗಿನಿಂದ ಯಾರೂ ಹಾಗೆ ತುಳಿದಿರಲಿಲ್ಲವೋ ಏನೋ, ಹೊಟ್ಟೆಯಲ್ಲಿದ್ದ ಮಸಿಯನ್ನೆಲ್ಲ ಒಮ್ಮೆಗೇ ಕಾರಿತು. ಎದುರು ಗೋಡೆ ಕಪ್ಪು, ಫಲಿತಾಂಶವೂ ಕಪ್ಪು.

ಅಣ್ಣ ಗೋಡೆಯನ್ನೇ ನೋಡುತ್ತ, ಸುಣ್ಣ ಹೊಡೆಸಿಕೊಡುತ್ತೇನೆ, ಗೋಡೆ ಪಾಸಾದರೆ ಗಾಡಿಯೂ ಪಾಸಾ ಅಂತ ಕೇಳಿದರು.

ಶುಕ್ರವಾರ

ಗುರುವಾರವೆಲ್ಲ ಮೆಕ್ಯಾನಿಕ್ ಹತ್ತಿರ ಫಿಲ್ಟರ್ ಬದಲಾಯಿತು, ನಾಝಲ್ ಶುದ್ಧವಾಯಿತು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬಂದರು. ಎಫ್‌ಸಿ ನೋಡುವ ಇನ್ಸ್‌ಪೆಕ್ಟರ್ ಆರ್‌ಟಿಒ ತಪಾಸಣೆ ಮೈದಾನದಲ್ಲಿರುವುದು ಐದರವರೆಗೆ ಮಾತ್ರ. ಮನೆ ಹತ್ತಿರವೇ ಆದ್ದರಿಂದ ಎಂಜಿನ್ ತಣ್ಣಗಿತ್ತು, ತಣ್ಣನೆಯ ಎಂಜಿನ್ನಿಗೆ ಪರೀಕ್ಷೆ ಮಾಡುವಂತಿಲ್ಲ. ಸೂಲೂರಿನವರೆಗೆ ಓಡಿಸಿ ಕಾಯಿಸಿಕೊಂಡು ಬನ್ನಿ ಅಂತ ಕಳಿಸಿದೆ.

ಮೂರೂವರೆಯಾದರೂ ಸುಳಿವಿಲ್ಲ. ಬಂದಾಗ ಎಂಜಿನ್ ಮತ್ತೆ ತಣ್ಣಗೆ. ದಾರಿಯಲ್ಲಿ ಕಾಂಗೇಯಂನಿಂದ ಕೊಬ್ಬರಿ ಎಣ್ಣೆ ತರುತ್ತಿದ್ದ ಟೆಂಪೋದವನು ಕೈ ಅಡ್ಡ ಹಾಕಿದನಂತೆ, ಎಳೆದುಕೊಂಡು ಬಂದು ಪಕ್ಕದ ಬೀದಿಯ ವರ್ಕ್‌ಶಾಪಿಗೆ ಬಿಟ್ಟು, ಅಲ್ಲಿ ಅರ್ಧ ಗಂಟೆ ಕೂತು ಟೀ ಕುಡಿದು ಬಂದಿದ್ದಾರೆ. ಇವತ್ತೊಂದು ದಿನ ಯಾರನ್ನೂ ಎತ್ತಬೇಡಿ ಅಂತ ಬೈದೆ. ನಿಂತ ಗಾಡಿಯನ್ನು ದಾಟಿ ಹೋಗುವುದು ಹೇಗೆ ಅಂತ ಅವರು ನನ್ನನ್ನೇ ಕೇಳಿದರು. ಮತ್ತೆ ಕಳಿಸಿದೆ.

ನಾಲ್ಕೂಕಾಲಿಗೆ ಬಂದರು. ಕೊಕ್ಕೆಯಲ್ಲಿ ಒಂದು ಬಿಳೀ ಜೀಪು ತೂಗುತ್ತಿದೆ. ನನಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಅಣ್ಣನ ಪಕ್ಕದ ಸೀಟಿನಿಂದ ಖಾಕಿ ಹಾಕಿಕೊಂಡವರೊಬ್ಬರು ಇಳಿದರು. ಇನ್ಸ್‌ಪೆಕ್ಟರೇ. ಮೈದಾನಕ್ಕೆ ವಾಪಸ್ ಹೋಗುವಾಗ ಫ್ಲೈಓವರ್ ಕೆಳಗೆ ಅವರ ಜೀಪು ಕೈಕೊಟ್ಟಿತ್ತು. ದಾರಿಯಲ್ಲಿ ಅವರು ಅಭ್ಯಾಸಬಲದಿಂದ ಗಾಡಿಯ ಕಾಗದಪತ್ರ ಕೇಳಿದರಂತೆ. ಇವತ್ತಿನವರೆಗೆ ಇದೆ ಸಾರ್, ನಾಳೆಯದ್ದು ನಿಮ್ಮ ಕೈಲಿದೆ ಅಂದರಂತೆ ಅಣ್ಣ.

ಜೀಪು ಎಳೆದ ಎಂಜಿನ್ ಚೆನ್ನಾಗಿ ಕಾದಿತ್ತು. ಹತ್ತಿ ತುಳಿದೆ, ನಿಯಮದಷ್ಟು ಸಲವೂ ತುಳಿದೆ. ಹೊಗೆ ಮಿತಿಯೊಳಗೇ ನಿಂತಿತು. ಸರ್ಟಿಫಿಕೇಟ್ ಪ್ರಿಂಟ್ ಆಗುವಾಗ ನನಗೆ ಆದ ಖುಷಿ ನನ್ನ ಸ್ವಂತ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಆಗಿರಲಿಲ್ಲ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು, ತೂಗುತ್ತಿದ್ದ ತಮ್ಮ ಜೀಪನ್ನು ನೋಡಿದರು. ಇಲ್ಲೇ ನೋಡಿಬಿಡೋಣ ಅಂತ ನನ್ನ ಶೆಡ್ಡಿನ ಮುಂದೆಯೇ ಬ್ರೇಕು, ದೀಪ, ಹಿಂದಿನ ಕೆಂಪು ಪಟ್ಟಿ ಒಂದೊಂದಾಗಿ ತಪಾಸಣೆ ಮಾಡಿದರು. ಕೊನೆಗೆ, ಕೊಕ್ಕೆ ಎಷ್ಟು ಭಾರ ತಡೆಯುತ್ತದೆ ಅಂತ ಎತ್ತಿ ತೋರಿಸಬೇಕು ಅಂದರು. ಅಣ್ಣ ಬಹಳ ವಿನಯದಿಂದ, ಹಾಗಾದರೆ ಇದನ್ನು ಇಳಿಸಿಬಿಡಲಾ ಸಾರ್, ಬೇರೆ ಏನಾದರೂ ತರ್ತೀನಿ ಅಂದರು.

ಇನ್ಸ್‌ಪೆಕ್ಟರ್ ಪೆನ್ನು ತೆಗೆದು, ಫಾರಂನಲ್ಲಿ ಯಾವ ವಾಹನವನ್ನು ಎತ್ತಿ ಪರೀಕ್ಷಿಸಲಾಯಿತು ಅನ್ನುವ ಜಾಗದಲ್ಲಿ ತಮ್ಮ ಜೀಪಿನ ನಂಬರನ್ನೇ ಬರೆದು ಸಹಿ ಹಾಕಿದರು.